ತೂಬು ಮುಚ್ಚಿದ ಕೈ

ರಾಣೆಬೆನ್ನೂರು ಬಸ್‌ಸ್ಟ್ಯಾಂಡು

ನಾನು ನೀರಿಗೆ ಅಂಜುವ ಮನುಷ್ಯ. ತುಂಗಭದ್ರೆಯ ದಂಡೆಯ ಐರಣಿಯಲ್ಲಿ ಹುಟ್ಟಿದರೂ ನನಗೆ ಈಜು ಬರುವುದಿಲ್ಲ. ಮೂವತ್ತು ವರ್ಷ ಸುತ್ತಮುತ್ತಲಿನ ಶಾಲೆಗಳಲ್ಲಿ ಕನ್ನಡ ಕಲಿಸಿದೆ, ಈಗ ಕಾಲುವೆಯ ಕೆಳಗಿನ ನಾಲ್ಕು ಎಕರೆ ನೋಡಿಕೊಂಡು ಕೂತಿದ್ದೇನೆ. ಇಂಥವನನ್ನು ಊರವರು ಹಿಡಿದು ನೀರು ಬಳಕೆದಾರರ ಸಂಘಕ್ಕೆ ಅಧ್ಯಕ್ಷನನ್ನಾಗಿ ಮಾಡಿದರು. ಮಾಸ್ತರ ಅರ್ಜಿ ಚಂದ ಬರೆಯುತ್ತಾನೆ ಎಂಬುದೊಂದೇ ಕಾರಣ.

ಶ್ರೀಲಂಕಾದ ರೈತರು ಕೆರೆಗಳಲ್ಲಿ ನೀರು ಹೇಗೆ ಕೂಡಿಡುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ ನೋಡಿ ಬನ್ನಿ ಎಂದು ನೀರಾವರಿ ಇಲಾಖೆಯವರು ನಮ್ಮ ಭಾಗದ ಆರು ರೈತರನ್ನು ಆರಿಸಿದ್ದರು. ಮುಂದಾಳಾಗಿ ಹಾವೇರಿಯ ಕಚೇರಿಯ ಇಂಜಿನಿಯರ್ ಶೈಲಜಾ ಮೇಡಂ. ನನ್ನ ಮಗಳ ವಯಸ್ಸಿನವರು, ಆದರೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಸ್‌ಪೋರ್ಟ್ ತೋರಿಸಿರಿ ಅಂದಾಗ ನಾನೇ ಒಂದನೇ ಇಯತ್ತೆಯ ಹುಡುಗನಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದೆ. ಆಮೇಲೆ ಅವರು ಯಾರಿಗೆ ಯಾರ ಜೊತೆ ಕೋಣೆ ಎಂದು ಓದಿದರು. ನನ್ನ ಜೊತೆ ಖಾದರಸಾಬ.

ಖಾದರಸಾಬ ನಮ್ಮೂರವನೇ. ಅವನ ಹೊಲ ಕಾಲುವೆಯ ತುತ್ತತುದಿಗೆ, ನನ್ನದು ತಲೆಗೆ. ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು ನಗುತ್ತ ಬಂದ.

"ಬ್ಯಾಡಗಿ ಮೆಣಸಿನಕಾಯಿ ಚಟ್ನಿಪುಡಿ ಐತ್ರಿ ಮಾಸ್ತರ್ರ. ಅಲ್ಲಿ ಊಟ ಸಪ್ಪಗ ಇರ್ತದಂತ. ಇಬ್ಬರಿಗೂ ಸಾಕಾಗ್ತದ."

ನನಗೆ ಅವನ ಮುಖ ನೋಡಲಾಗಲಿಲ್ಲ. ಯಾಕೆ ಎಂದು ಈಗಲೇ ಹೇಳಿಬಿಡುತ್ತೇನೆ.

ಕಾಲುವೆಯಲ್ಲಿ ನೀರು ಬಂದಾಗ ಮಳೆಯೂ ಹಿಡಿದರೆ ನಮ್ಮಲ್ಲಿ ಪ್ರತಿ ರೈತನೂ ಮಾಡುವ ಕೆಲಸ ಒಂದೇ. ಓಡಿ ಹೋಗಿ ತನ್ನ ಹೊಲದ ತೂಬು ಮುಚ್ಚುತ್ತಾನೆ. ಮಳೆಯ ನೀರೇ ಸಾಕಾಗಿರುವಾಗ ಕಾಲುವೆಯ ನೀರೂ ನುಗ್ಗಿದರೆ ಬೆಳೆ ಕೊಳೆಯುತ್ತದಲ್ಲ. ನನ್ನ ತಂದೆ ಮುಚ್ಚುತ್ತಿದ್ದರು, ನಾನು ಮುಚ್ಚುತ್ತೇನೆ. ಆದರೆ ಜಲಾಶಯದಿಂದ ಬಿಟ್ಟ ನೀರು ನಮ್ಮ ತೂಬು ಮುಚ್ಚಿದ ಸುದ್ದಿ ಕೇಳಿ ತಿರುಗಿ ಹೋಗುವುದಿಲ್ಲ. ಅದೆಲ್ಲ ಕೂಡಿಕೊಂಡು ತುದಿಗೆ ಹೋಗುತ್ತದೆ. ಹೋದ ಮಳೆಗಾಲದಲ್ಲಿ ಹಾಗೇ ಹೋಗಿ ತುದಿಯಲ್ಲಿ ದಂಡೆ ಒಡೆದು ಖಾದರಸಾಬನ ಬೆಂಡೆ ಬೀಜದ ಪ್ಲಾಟನ್ನು ಹೊಡೆದುಕೊಂಡು ಹೋಯಿತು. ಅವನ ಹೆಂಡತಿ, ಇಬ್ಬರು ಸೊಸೆಯಂದಿರು ತಿಂಗಳುಗಟ್ಟಲೆ ಹೂವಿಗೆ ಹೂವು ಮುಟ್ಟಿಸಿ, ಒಂದೊಂದಕ್ಕೂ ದಾರ ಕಟ್ಟಿ ಕ್ರಾಸಿಂಗ್ ಮಾಡಿದ ಪ್ಲಾಟು. ಒಂದೇ ಮುಂಜಾನೆಯಲ್ಲಿ ಅಲ್ಲಿ ರಾಡಿ ಬಿಟ್ಟರೆ ಏನೂ ಉಳಿದಿರಲಿಲ್ಲ.

ಇಲಾಖೆಯಿಂದ ವಿಚಾರಣೆಗೆ ಬಂದವರು ಯಾರು ಯಾರು ತೂಬು ಮುಚ್ಚಿದ್ದಿರಿ ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅಧ್ಯಕ್ಷನಾದ ನಾನೇ ವರದಿ ಬರೆದೆ: "ಏಡಿಗಳು ಕೊರೆದ ತೂತುಗಳಿಂದ ದಂಡೆ ಸಡಿಲಾಗಿ ಒಡೆದಿರುತ್ತದೆ." ವಾಕ್ಯ ಚಂದವಾಗಿಯೇ ಇತ್ತು. ಅವತ್ತು ಮೊದಲು ಮುಚ್ಚಿದ ತೂಬು ನನ್ನದು.

ಸಮುದ್ರದ ಬದಿಯ ದಾರಿ

ವಿಮಾನದಲ್ಲಿ ಕೂತಾಗ ಬೆಲ್ಟು ಹಾಕಿಕೊಳ್ಳಲು ಬರದೆ ಪಕ್ಕದವನ ಬೆಲ್ಟಿನ ತುದಿಯನ್ನು ನನ್ನದಕ್ಕೆ ಸಿಗಿಸಿಕೊಂಡಿದ್ದೆ. ಪಕ್ಕದವನು ಖಾದರಸಾಬ. ಏಳಲು ಹೋದ, ಇಬ್ಬರೂ ಒಟ್ಟಿಗೆ ಜಗ್ಗಿದೆವು. "ಕಟ್ಟಿ ಹಾಕೀರಲ್ರೀ ಮಾಸ್ತರ್ರ" ಎಂದು ಅವನು ನಕ್ಕ. ಎಲ್ಲರೂ ನಕ್ಕರು, ನನಗೆ ಬೆವರು ಬಂತು.

ಕೊಲಂಬೊದಲ್ಲಿ ಇಳಿದು ವ್ಯಾನಿನಲ್ಲಿ ಉತ್ತರಕ್ಕೆ ಹೊರಟೆವು. ಅಲ್ಲಿಯ ಜನ ಹಾರ್ನ್ ಬಾರಿಸುವುದೇ ಇಲ್ಲ. ನಮ್ಮ ರಾಣೆಬೆನ್ನೂರಿನಲ್ಲಿ ನಿಂತ ಎಮ್ಮೆಗೂ ಹಾರ್ನ್ ಬಾರಿಸುವವರಿಗೆ ಆ ಮೌನವೇ ಒಂದು ಥರ ಅಂಜಿಕೆ ತರುತ್ತದೆ. ದಾರಿಯ ಬದಿಗೆ ಹೆಂಗಸರು ಜೀವಂತ ಏಡಿಗಳನ್ನು ದಾರದಿಂದ ಕಟ್ಟಿ ನೇತುಹಾಕಿ ಮಾರುತ್ತಿದ್ದರು. ವ್ಯಾನು ನಿಂತಿತು. ಖಾದರಸಾಬ ಇಳಿದು ಒಂದು ಏಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಬಹಳ ಹೊತ್ತು ನೋಡಿದ.

"ಮಾಸ್ತರ್ರ, ಇಂಥವನ್ರಿ ನಮ್ಮ ದಂಡಿ ಒಡದದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಸ್ಥಿತಿ ಹಾಗಾಯಿತು. ಅವನು ನಗುತ್ತಿದ್ದನೋ ಇಲ್ಲವೋ ಬಿಸಿಲಿಗೆ ಕಾಣಲಿಲ್ಲ. "ಇವು ಸಮುದ್ರದವು" ಎಂದಷ್ಟೇ ಹೇಳಿ ವ್ಯಾನು ಹತ್ತಿದೆ. ಇವನಿಗೆ ಗೊತ್ತಿದೆಯೋ ಇಲ್ಲವೋ ಎಂಬ ಅಂಜಿಕೆ ಆವತ್ತಿನಿಂದ ನನ್ನ ಬೆನ್ನು ಹತ್ತಿತು.

ಕೆರೆಯ ಕೆಳಗಿನ ಊರು

ನಾವು ಹೋದ ಊರಿನಲ್ಲಿ ಕೆರೆಗಳು ಒಂದರ ಕೆಳಗೊಂದು ಇವೆ. ಮೇಲಿನದು ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನದಕ್ಕೆ. ನಾನೂ ಖಾದರಸಾಬನೂ ಉಳಿದದ್ದು ಬಂಡಾರ ಎಂಬ ಅಜ್ಜನ ಮನೆಯಲ್ಲಿ. ಎಪ್ಪತ್ತು ದಾಟಿದ ಮನುಷ್ಯ, ಸಣಕಲು, ಮೊಣಕಾಲ ಮೇಲೆ ಲುಂಗಿ. ಊರಿನ ನೀರು ಹಂಚುವ ಹಿರಿಯ ಅವನು. ಅವನ ಮನೆಯ ಹಿತ್ತಲಿಗೇ ದೊಡ್ಡ ಕಾಲುವೆ, ಅದರಿಂದ ಅವನ ತಗ್ಗಿನ ಗದ್ದೆಗಳಿಗೆ ಒಡೆದು ಹೋಗುವ ಮರಿಗಾಲುವೆ, ಅದರ ಬಾಯಿಗೊಂದು ಕಬ್ಬಿಣದ ಗೇಟು. ಗೇಟಿನ ತಲೆಗೆ ತಿರುಗಿಸುವ ಗಾಲಿ. ಅವನ ಸಿಂಹಳವನ್ನು ಅಲ್ಲಿಯ ಒಬ್ಬ ಅಧಿಕಾರಿ ಇಂಗ್ಲಿಷಿಗೆ ತಂದು, ಅದನ್ನು ಮೇಡಂ ಕನ್ನಡಕ್ಕೆ ತಂದು ನಮಗೆ ಮುಟ್ಟಿಸುತ್ತಿದ್ದರು. ಮೂರು ಕಾಲುವೆ ಹಾಯ್ದು ಬರುವ ಮಾತು, ತಡವಾಗಿಯೇ ಬರುತ್ತಿತ್ತು.

ನಮ್ಮಲ್ಲಿ ಜಲಾಶಯದಲ್ಲಿ ಎಷ್ಟು ಟಿಎಂಸಿ ಇದೆ ಎಂದು ಚಹಾದಂಗಡಿಯಲ್ಲಿ ಕೂತವರೂ ಹೇಳುತ್ತಾರೆ, ತಮ್ಮ ಹೊಲಕ್ಕೆ ನೀರು ಯಾವಾಗ ಎಂದು ಮಾತ್ರ ಗೊತ್ತಿರುವುದಿಲ್ಲ. ಇಲ್ಲಿ ಕೆರೆಯೊಳಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಬಿತ್ತುವ ಮೊದಲು ಊರೆಲ್ಲ ಹೋಗಿ ಎಷ್ಟು ಮೆಟ್ಟಿಲು ಮುಳುಗಿವೆ ನೋಡುತ್ತಾರೆ. ಅಷ್ಟಕ್ಕೆ ತಕ್ಕಷ್ಟೇ ನೆಲ ಬಿತ್ತುತ್ತಾರೆ. ನೀರು ಕಡಿಮೆಯಾದ ವರ್ಷ ಕೆರೆಯ ಹತ್ತಿರದ ಗದ್ದೆಗಳನ್ನಷ್ಟೇ ಬಿತ್ತಿ, ದೂರದವರಿಗೂ ಅದರಲ್ಲೇ ಪಾಲು ಕೊಡುತ್ತಾರೆ. ಇದನ್ನು ಕೇಳಿ ಖಾದರಸಾಬ ನನ್ನ ಕಡೆ ತಿರುಗಿ, "ನಮ್ಮೂರಾಗ ಇದನ್ನ ಹೇಳಿದ್ರ ಕಲ್ಲು ಒಗೀತಾರ್ರಿ" ಅಂದ. ಹೊಲ ಕಾಲುವೆಯ ತಲೆಗಿರುವವನು ನಾನಾದ್ದರಿಂದ ಸುಮ್ಮನೆ ಕೆಮ್ಮಿದೆ.

ಇನ್ನೊಂದು ಪದ್ಧತಿಯನ್ನು ಅಜ್ಜ ತಾನೇ ಮಾಡಿ ತೋರಿಸಿದ. ಗೇಟು ಮುಚ್ಚುವ ಮೊದಲು ಕೆಳಗಿನವರಿಗೆ ಕೇಳುವಂತೆ "ಹೂ" ಎಂದು ಕೂಗಬೇಕು. ಕೆಳಗಿನವನು ತನ್ನ ಕಡೆ ಎಲ್ಲ ಸರಿಯಿದ್ದರೆ ತಿರುಗಿ ಕೂಗುತ್ತಾನೆ. ಆ ಕೂಗು ಬರುವವರೆಗೆ ಗಾಲಿ ಮುಟ್ಟುವಂತಿಲ್ಲ. ನಮ್ಮ ಕಡೆ ನೀರಿನ ಸುದ್ದಿ ಮೇಲಿನಿಂದ ಕೆಳಗೆ ಬರುತ್ತದೆ. ಅದೂ ನೀರು ಬಂದ ಮೇಲೆ. ನದೀ ದಂಡೆಯ ಜನ ಎಚ್ಚರದಿಂದಿರಬೇಕು ಎಂಬ ಸಂದೇಶ ಮೊಬೈಲಿಗೆ ಬರುವಷ್ಟರಲ್ಲಿ ಐರಣಿಯ ಹೊಳೆದಂಡೆಯ ಪಂಪುಸೆಟ್ಟುಗಳು ಮುಳುಗಿರುತ್ತವೆ.

ಊಟದ ಹೊತ್ತಿಗೆ ಖಾದರಸಾಬ ಡಬ್ಬಿ ತೆಗೆದು ಜಂಬದಿಂದ ಚಟ್ನಿಪುಡಿ ಬಡಿಸಿದ. ಅಜ್ಜ ಬಾಯಿಗೆ ಹಾಕಿ, ಬಣ್ಣ ಚಂದ ಇದೆ ಎಂದನಂತೆ. ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂಬುದು ಆ ಮುದುಕನಿಗೆ ಒಂದೇ ಚಿಟಿಕೆಯಲ್ಲಿ ಗೊತ್ತಾಯಿತು. ಆಮೇಲೆ ಅವನ ಮನೆಯ ಬೆಂಕಿಯಂಥ ಖಾರದ ತೆಂಗಿನಕಾಯಿ ಚಟ್ನಿ ನಮ್ಮ ಎಲೆಗೆ ಬಂತು. ಮರ್ಯಾದೆಗೆ ಅಂಜಿ ಎರಡು ಸಲ ಹಾಕಿಸಿಕೊಂಡೆ. ಮರುದಿನ ಮುಂಜಾನೆಯಿಂದ ನನ್ನ ಹೊಟ್ಟೆ ನನ್ನ ಮಾತು ಕೇಳಲಿಲ್ಲ. ಊರಿನ ರೈತರು ಸಭೆ ಕೂತಾಗ ನಾನು ಅಜ್ಜನ ಹಿತ್ತಲಿಗೂ ಹಾಸಿಗೆಗೂ ಓಡಾಡುತ್ತಿದ್ದೆ. ಆ ಸಭೆಯಲ್ಲಿ ಏನು ಮಾತಾಯಿತು ಎಂದು ಯಾರನ್ನೂ ಕೇಳಲಿಲ್ಲ. ನನ್ನ ಜೀವನದಲ್ಲಿ ಅಷ್ಟು ದುಬಾರಿಯಾದ ಚಟ್ನಿಯನ್ನು ನಾನು ತಿಂದಿಲ್ಲ.

ನಾಲ್ಕನೆಯ ದಿನ, ಮಳೆ

ಬೆಳಕು ಹರಿಯುವಾಗಲೇ ಮಳೆ ಹಿಡಿದಿತ್ತು. ಮನೆಯವರೆಲ್ಲ ಸಲಿಕೆ, ಬುಟ್ಟಿ ಹಿಡಿದು ಹೊರಟರು. ಖಾದರಸಾಬನೂ ಲುಂಗಿ ಎತ್ತಿ ಕಟ್ಟಿದ.

"ದಂಡಿ ಕೆಲಸ ಐತಂತ್ರಿ. ಕುಂತು ಏನ ಮಾಡೂದು, ನಾಕು ಬುಟ್ಟಿ ಮಣ್ಣಾರ ಹೊತ್ತು ಬರ್ತೇನಿ. ನೀವು ಮಲಕೋರಿ."

ದಂಡೆ ಅಂದರೆ ಕೆರೆಯ ಏರಿ ಇರಬೇಕು ಅಂದುಕೊಂಡೆ. ಮನೆಯಲ್ಲಿ ನಾನೊಬ್ಬನೇ ಉಳಿದೆ. ಹಿತ್ತಲಿಗೆ ಬಂದು ನೋಡಿದೆ. ಗೇಟು ಪೂರಾ ತೆರೆದಿತ್ತು. ದೊಡ್ಡ ಕಾಲುವೆಯ ನೀರೆಲ್ಲ ಮರಿಗಾಲುವೆಗೆ ಹೊರಳಿ ಅಜ್ಜನ ಗದ್ದೆಗಳಿಗೆ ನುಗ್ಗುತ್ತಿತ್ತು. ಮೂರು ದಿನದ ಹಿಂದೆಯಷ್ಟೇ ಮೊಳಕೆ ಭತ್ತ ಚೆಲ್ಲಿದ್ದ ಗದ್ದೆ. ಬೀಜ ತೇಲಿ ಮೂಲೆಗೆ ಬಂದು ಕೂಡುತ್ತಿರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಪಾಪ, ಮುದುಕ ಗಡಿಬಿಡಿಯಲ್ಲಿ ಮರೆತು ಹೋಗಿದ್ದಾನೆ ಅಂದುಕೊಂಡೆ. ಅಷ್ಟು ಅಂದುಕೊಳ್ಳುವ ಮೊದಲೇ ನಾನು ಗೇಟಿನ ಹತ್ತಿರ ಇದ್ದೆ ಎಂದರೂ ಸುಳ್ಳಲ್ಲ. ಮಳೆ ಕಂಡರೆ ನನ್ನ ಕೈ ತಾನಾಗಿಯೇ ತೂಬಿಗೆ ಹೋಗುತ್ತದೆ. ಗಾಲಿ ಹಿಡಿದು ಶಕ್ತಿ ಹಾಕಿ ತಿರುಗಿಸಿದೆ. ಗೇಟು ಇಳಿಯಿತು. ನೀರು ಹೊರಳಿ ದೊಡ್ಡ ಕಾಲುವೆಯಲ್ಲೇ ಕೆಳಕ್ಕೆ ಓಡಿತು. ಉಂಡ ಮನೆಗೆ ಒಂದು ಉಪಕಾರ ಮಾಡಿದೆ ಎಂದು ಹಿಗ್ಗಿ ಮಾಡಿನ ಕೆಳಗೆ ಬಂದು ತಲೆ ಒರೆಸಿಕೊಂಡೆ.

ಕೂಗಬೇಕು ಎಂಬುದು ನೆನಪಿಗೇ ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಕೂಗು ಬಂತು. ಕೆಳಗಿನಿಂದ. ಒಂದಲ್ಲ, ಹತ್ತಾರು. ಅಜ್ಜ ಮಾಡಿ ತೋರಿಸಿದ ಸಮಾಧಾನದ ಕೂಗಲ್ಲ ಅದು. ಒಬ್ಬರ ಮೇಲೊಬ್ಬರು ಬಿದ್ದು ಕಿರುಚುತ್ತಿದ್ದರು. ಆಗ ಹೊಳೆಯಿತು. ದಂಡೆ ಕೆಲಸ ಕೆರೆಯ ಏರಿಯ ಮೇಲಲ್ಲ, ಕಾಲುವೆಯ ಕೆಳಗೆ. ಮೇಲಿನ ಕೆರೆ ಕೋಡಿ ಬಿದ್ದು ಬರುವ ನೀರನ್ನು ನಿಲ್ಲಿಸುವಂತಿರಲಿಲ್ಲ. ಕೆಳಗೆ ಸೋರುತ್ತಿದ್ದ ದಂಡೆಗೆ ಮಣ್ಣು ಹಾಕಬೇಕೆಂದು ಆ ನೀರನ್ನೆಲ್ಲ ಅಜ್ಜ ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ಬರಿದಾದ ಕಾಲುವೆಯೊಳಗೆ ಜನ ಇಳಿದಿದ್ದರು. ಅವರೊಳಗೆ ಖಾದರಸಾಬನೂ ಇದ್ದ.

ಓಡಿ ಹೋಗಿ ಗಾಲಿ ಹಿಡಿದೆ. ತಿರುಗಲಿಲ್ಲ. ನೀರಿನ ಒತ್ತಡಕ್ಕೆ ಗೇಟು ಕಚ್ಚಿಕೊಂಡಿತ್ತು. ಕೈ ಜಾರುತ್ತಿತ್ತು. ನಾನು ಅಳುತ್ತಿದ್ದೆ ಎಂದು ಹೇಳಲು ನಾಚಿಕೆಯಿಲ್ಲ. ಗಾಲಿಯ ಕಡ್ಡಿಗೆ ಹೆಗಲು ಕೊಟ್ಟು ನೂಕಿದೆ. ಒಮ್ಮೆ ಕಿರ್ರೆಂದಿತು, ಸಡಿಲಾಯಿತು, ಗೇಟು ಎದ್ದಿತು. ನೀರು ಮತ್ತೆ ಅಜ್ಜನ ಗದ್ದೆಗೆ ಹೊರಳಿದ್ದನ್ನು ಕಂಡು ಬರಿಗಾಲಲ್ಲಿ ದಂಡೆಗುಂಟ ಓಡಿದೆ. ಒಡೆದ ದಂಡೆ, ರಾಡಿ ನೀರು, ಅದರಲ್ಲಿ ಮಲಗಿದ ಬೆಂಡೆ ಗಿಡಗಳು ಕಣ್ಣ ಮುಂದೆ ಬರುತ್ತಿದ್ದವು. ಆವತ್ತು ಬೀಜ ಹೋಗಿತ್ತು. ಇವತ್ತು ಅವನೇ ಹೋದರೆ ಅವನ ಹೆಂಡತಿಗೆ ಏನು ಹೇಳಲಿ?

ಕಾಲುವೆಯ ದಂಡೆ

ಕೆಂಪು ನೀರು ಬುಟ್ಟಿಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ಜನ ಎರಡೂ ದಂಡೆಗೆ ಹತ್ತಿದ್ದರು. ಮೇಡಂ ಕೊಡೆ ಎಸೆದು ಮಳೆಯಲ್ಲಿ ನಿಂತಿದ್ದರು. ಖಾದರಸಾಬ ಕಾಣಲಿಲ್ಲ.

"ಖಾದರಣ್ಣಾ!" ಎಂದು ಚೀರಿದೆ. ಅಷ್ಟು ದೊಡ್ಡ ದನಿ ನನ್ನೊಳಗಿದೆ ಎಂದು ನನಗೇ ಗೊತ್ತಿರಲಿಲ್ಲ.

ಮೇಡಂ ಕೆಳಗೆ ಕೈ ತೋರಿಸಿದರು. ತಿರುವಿನಲ್ಲಿ ಒಂದು ಮರದ ಬೇರು ಹಿಡಿದು ಎದೆಮಟ್ಟ ನೀರಿನಲ್ಲಿ ಜೋತುಬಿದ್ದಿದ್ದ. ಇಬ್ಬರು ದಂಡೆಯ ಮೇಲೆ ಬೋರಲು ಮಲಗಿ ಅವನ ತೋಳು ಹಿಡಿದಿದ್ದರು. ನಾನು ಹೋಗಿ ಅವರಲ್ಲೊಬ್ಬನ ಕಾಲು ಹಿಡಿದೆ. ಅದರಿಂದ ಯಾರಿಗೆ ಉಪಯೋಗವಾಯಿತೋ ತಿಳಿಯದು. ನೀರು ನಿಧಾನವಾಗಿ ಇಳಿಯಿತು. ಎಳೆದು ಮೇಲೆ ಹಾಕಿದಾಗ ಖಾದರಸಾಬ ಕೆಮ್ಮಿ ಕೆಮ್ಮಿ ನೀರು ಕಾರಿದ. ಮೊಣಕಾಲ ಕೆಳಗೆ ಚರ್ಮ ಹರಿದು ರಕ್ತ ಸುರಿಯುತ್ತಿತ್ತು. "ಯಾ ಅಲ್ಲಾ" ಎಂದು ಕಣ್ಣು ಮುಚ್ಚಿ ಮಲಗಿದ. ಬದುಕಿದ್ದ.

ಬಂಡಾರ ಅಜ್ಜ ಎಲ್ಲರ ತಲೆ ಎಣಿಸಿದ. ಮತ್ತೊಮ್ಮೆ ಎಣಿಸಿದ. ಎಲ್ಲರೂ ಇದ್ದಾರೆ ಎಂದು ಖಾತ್ರಿಯಾದ ಮೇಲೆ ಏನೋ ಕೇಳಿದ. ದನಿ ಏರಿಸಲಿಲ್ಲ.

ಮೇಡಂ ನಮ್ಮ ಕಡೆ ತಿರುಗಿದರು. "ಮ್ಯಾಲಿನ ಗೇಟ್ ಯಾರು ಮುಚ್ಚಿದ್ರು ಅಂತ ಕೇಳಾಕತ್ತಾರ್ರಿ."

ಯಾರೂ ನನ್ನನ್ನು ನೋಡಿರಲಿಲ್ಲ. ಅರ್ಜಿ ಬರೆದು ಪಳಗಿದ ತಲೆ ಆಗಲೇ ಕೆಲಸ ಶುರುಮಾಡಿತ್ತು. ಮಳೆಗೆ ಮಣ್ಣು ಸಡಿಲಾಗಿ ಗೇಟು ತಾನೇ ಜಾರಿರುತ್ತದೆ. ಬೀಡಾಡಿ ದನ ತಾಗಿರುತ್ತದೆ. ವಾಕ್ಯಗಳು ಒಂದಕ್ಕಿಂತ ಒಂದು ಚಂದವಾಗಿ ಬರುತ್ತಿದ್ದವು. ಇವರು ಹೊಡೆದಾರು, ಪೊಲೀಸರನ್ನು ಕರೆದಾರು, ಪರದೇಶದ ಜೇಲಿನಲ್ಲಿ ಕೊಳೆಯಬೇಕಾದೀತು ಎಂದೆಲ್ಲ ಅಂಜಿಕೆ. ಖಾದರಸಾಬ ಕಣ್ಣು ತೆರೆದ. ನನ್ನ ಮುಖ ನೋಡಲಿಲ್ಲ, ಕೈ ನೋಡಿದ. ಎರಡೂ ಅಂಗೈಗೆ ಗಾಲಿಯ ತುಕ್ಕು ಮೆತ್ತಿತ್ತು.

"ನಾನು," ಅಂದೆ. "ನಾನಽ ಮುಚ್ಚಿದೆ. ಗದ್ದಿ ಹಾಳಾಗಾಕತ್ತಿತ್ತು ಅಂತ ಮುಚ್ಚಿದೆ. ಕೂಗಲಿಲ್ಲ."

ಮಾತು ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಸಿಂಹಳಕ್ಕೆ ಹೋಗುವಷ್ಟು ಹೊತ್ತು ನಿಂತೇ ಇದ್ದೆ. ಅದು ಒಬ್ಬೊಬ್ಬರಿಗೆ ಮುಟ್ಟಿದಂತೆ ಒಂದೊಂದೇ ಮುಖ ನನ್ನ ಕಡೆ ತಿರುಗಿತು. ಅಜ್ಜ ಹತ್ತಿರ ಬಂದ. ಹೊಡೆಯಲಿಲ್ಲ. ಎರಡೇ ಮಾತು ಹೇಳಿದ. ಮೇಡಂ ಅದನ್ನು ನನಗೆ ಮುಟ್ಟಿಸಿದರು.

"ಇವರೆಲ್ಲಾ ನೀರಾಗ ಇದ್ದಾಗ ನನ್ನ ಗದ್ದಿ ಉಳೀತಲ್ಲ, ಇನ್ನ ಇವರ ಮುಂದ ನಾ ಹೆಂಗ ನಿಲ್ಲಲಿ, ಅಂತಾರ್ರಿ."

ಅದಕ್ಕಿಂತ ಅವನು ಎರಡು ಬಾರಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಖಾದರಸಾಬನ ಕಾಲಿಗೆ ನನ್ನ ಟವೆಲ್ಲು ಕಟ್ಟುತ್ತ ಕೂತಾಗ ಉಳಿದದ್ದನ್ನೂ ಹೇಳಿಬಿಟ್ಟೆ. ಹೋದ ಮಳೆಗಾಲದ ಮುಂಜಾನೆ, ನನ್ನ ತೂಬು, ವರದಿ. ಅವನು ನೋವಿಗೆ ಹಲ್ಲು ಕಚ್ಚಿ ಕೇಳಿದ.

"ಗೊತ್ತಿತ್ತ್ರಿ," ಅಂದ. "ಮ್ಯಾಲಿನವರೆಲ್ಲಾ ಮುಚ್ಚಿದ್ರಿ. ಅದಕ್ಕ ಅಷ್ಟ ಸಿಟ್ಟಿಲ್ಲ ನನಗ. ಮಳಿ ಬಂದ್ರ ನಾನೂ ಮುಚ್ಚಾಂವನ. ಆದ್ರ ಸುಳ್ಳು ಬರದಾಂವ ನೀ ಒಬ್ಬಾಂವ."

ಮೂವತ್ತು ವರ್ಷದಲ್ಲಿ ಖಾದರಸಾಬ ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ನಂದು ತಪ್ಪಾತು ಅನ್ನೂದು ಇಲ್ಲಿ ಭಾಳ ಸಸ್ತಾ ಐತಿ ಮಾಸ್ತರ. ಇಲ್ಲಿ ಕನ್ನಡ ತಿಳಿಯೋರು ನಾವು ಏಳು ಮಂದಿ. ಐರಣ್ಯಾಗ ಹೇಳ್ತಿ?"

ಹೂಂ ಅಂದೆ. ಅವನು ನಂಬಿದಂತೆ ಕಾಣಲಿಲ್ಲ.

ಐರಣಿ

ಹೋಗುವಾಗಿನ ಅಂಜಿಕೆಗಿಂತ ಬರುವಾಗಿನದು ದೊಡ್ಡದು. ವಿಮಾನ ಬೀಳಬಹುದು ಎಂದು ಒಮ್ಮೆಯೂ ಅನಿಸಲಿಲ್ಲ, ಬಿದ್ದರೆ ಊರ ಮುಂದೆ ಹೇಳಬೇಕಾದ ಸಭೆಯಾದರೂ ತಪ್ಪುತ್ತದೆ ಅನಿಸಿತು. ನನ್ನ ಹೆಂಡತಿಗೆ ಹೇಳಿದಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಊರಾಗ ಬಾಳೇ ಮಾಡೂದು ಐತೋ ಇಲ್ಲೋ? ನಿಮ್ಮ ಹೆಸರ ಹೇಳಿದ್ರ ಎಲ್ಲಾರ ಹೆಸರೂ ಬರ್ತಾವು. ನಾಳೆ ನಮ್ಮ ಹೊಲಕ್ಕ ಆಳು ಬರೂದಿಲ್ಲ, ನೋಡ್ರಿ." ಅವಳು ಹೇಳಿದ್ದು ಖರೇ ಇತ್ತು. ಎರಡು ದಿನ ಜ್ವರ ಬಂದಂತೆ ಮಲಗಿದೆ. ಮೂರನೆಯ ದಿನ ಖಾದರಸಾಬ ಕುಂಟುತ್ತ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂತ. ಚಹಾ ಕುಡಿದು ಹೋದ. ಮರುದಿನ ಸಭೆ ಕರೆದೆ.

ಸಂಘದ ಕೋಣೆಯಲ್ಲಿ ನಲವತ್ತು ಜನ ಇದ್ದರು. ಪ್ರವಾಸದ ಕಥೆ ಕೇಳಲು ಬಂದವರು. ಕೆರೆ, ಮೆಟ್ಟಿಲು, ಹಾರ್ನ್ ಬಾರಿಸದ ರಸ್ತೆ ಎಲ್ಲ ಹೇಳಿದೆ, ನಕ್ಕರು. ಆಮೇಲೆ ಗೇಟು ಮುಚ್ಚಿದ್ದನ್ನು ಹೇಳಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಊಟಕ್ಕೆ ಮನೆಗೆ ಹೋಗಬಹುದಿತ್ತು. "ಹೋದ ವರ್ಷದ ವರದಿ ಸುಳ್ಳು" ಅಂದೆ. "ಆವತ್ತು ನಾನು ತೂಬು ಮುಚ್ಚಿದ್ದೆ. ಮುಚ್ಚಿ, ಏಡಿ ಕೊರದಾವು ಅಂತ ಬರದೆ."

ನನ್ನ ಪಕ್ಕದ ಹೊಲದ ಬಸವಣ್ಣೆಪ್ಪ ಕೆಂಡದಂಥ ಕಣ್ಣಿನಿಂದ ನೋಡಿದ. "ನಿಮ್ಮದು ನೀವು ಹೇಳ್ರಿ ಮಾಸ್ತರ್ರ. ಊರ ಮಾತು ಬ್ಯಾಡ."

"ನಂದಷ್ಟ ಹೇಳಿದೆ," ಅಂದೆ. ಒಬ್ಬಿಬ್ಬರು ಎದ್ದು ಚಪ್ಪಲಿ ಹುಡುಕತೊಡಗಿದರು.

ಆಗ ಖಾದರಸಾಬ ಗೋಡೆ ಹಿಡಿದು ಎದ್ದು ನಿಂತ. "ಕುಂದ್ರಿ, ಕುಂದ್ರಿ. ನಾ ಯಾರ ಮ್ಯಾಲೂ ತಕರಾರ ತಗದಿಲ್ಲ. ಹ್ವಾದ ಬೀಜ ತಿರುಗಿ ಬರೂದಿಲ್ಲ. ಒಂದಽ ಕೇಳ್ತೇನಿ. ಬರೂ ಮಳಿಗಾಲದಾಗ ಮಳಿ ಹಿಡದಾಗ ಯಾರ್ಯಾರು ತೂಬು ಮುಚ್ಚತೀರಿ? ಈಗಽ ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ. ನಲವತ್ತು ಜನ ನೆಲ ನೋಡುತ್ತ ಕೂತರು. ಎಲ್ಲರೂ ಒಮ್ಮೆಗೇ ಸಜ್ಜನರಾಗಿಬಿಟ್ಟಿದ್ದರು. ನನಗೂ ಹಾಗೇ ಕೂತುಕೊಳ್ಳಬೇಕೆನಿಸಿತು. ತಪ್ಪೊಪ್ಪಿಕೊಂಡಾಗಿದೆ, ಇನ್ನು ನಾನು ಒಳ್ಳೆಯವನು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ನನ್ನ ಕೈ ನನಗೆ ಗೊತ್ತು. ಸಮುದ್ರ ದಾಟಿ ಹೋದರೂ ಅದು ಮಳೆ ಕಂಡೊಡನೆ ಮುಚ್ಚಿತ್ತು. ಇಲ್ಲಿ, ನನ್ನದೇ ಬೆಳೆಯ ಮುಂದೆ ನಿಂತಾಗ ಅದು ಸುಮ್ಮನಿದ್ದೀತೆ?

ಕೈ ಎತ್ತಿದೆ.

ಖಾದರಸಾಬ ಆ ಕೈಯನ್ನೇ ನೋಡಿದ.

"ಹಂಗಾರ ಮಳಿ ಹಿಡದ ದಿನ ನಾ ಬಂದು ನಿಮ್ಮ ತೂಬಿನ ಮ್ಯಾಲ ಕುಂದ್ರತೇನ್ರಿ, ಮಾಸ್ತರ್ರ."

"ಬರ್ರಿ," ಅಂದೆ. "ನಾ ಬಂದು ಏಳು ಅಂದ್ರೂ ಏಳಬ್ಯಾಡ್ರಿ."